ಹತಾರ, ಮನೆತನ ಮತ್ತು ಮಾತು: ಪರಂಪರಾಗತ ಆಯುಧದ ಒಂದು ಜಾನಪದ ಓದು

1

ಕನ್ನಡ ಜಾನಪದ ಅಧ್ಯಯನದಲ್ಲಿ ಆಯುಧಕ್ಕೆ ದೊರೆತಿರುವ ಸ್ಥಾನ ಎರಡು ತುದಿಗಳಲ್ಲಿ ಹಂಚಿಹೋಗಿದೆ. ಭೌತಿಕ ಸಂಸ್ಕೃತಿಯನ್ನು ಕುರಿತ ಬರಹಗಳಲ್ಲಿ ಅದು ಒಂದು ವಸ್ತು. ಅದರ ಉದ್ದ, ಅಗಲ, ಹಿಡಿಕೆಯ ವಿನ್ಯಾಸ, ಲೋಹದ ಸ್ವರೂಪ ಇವು ಅಲ್ಲಿ ಮುಖ್ಯವಾಗುತ್ತವೆ. ವೀರಗೀತೆ, ಲಾವಣಿಗಳನ್ನು ಕುರಿತ ಬರಹಗಳಲ್ಲಿ ಅದು ಒಂದು ಸಂಕೇತ. ಶೌರ್ಯ, ಸ್ವಾಭಿಮಾನ, ದೇಶಪ್ರೇಮ ಇವುಗಳಲ್ಲಿ ಒಂದಕ್ಕೆ ಅದನ್ನು ಹೊಂದಿಸಿ ವಿಮರ್ಶೆ ಮುಂದೆ ಸಾಗುತ್ತದೆ. ಈ ಎರಡು ತುದಿಗಳ ನಡುವೆ ಇರುವ ಸಂಗತಿಯೊಂದು ಹೆಚ್ಚಾಗಿ ಗಮನಕ್ಕೆ ಬಂದಿಲ್ಲ. ಅದೆಂದರೆ ಮನೆಯೊಂದರಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ಆಯುಧ. ಅದು ಬರಿಯ ವಸ್ತುವೂ ಅಲ್ಲ, ಬರಿಯ ಸಂಕೇತವೂ ಅಲ್ಲ, ಅದೊಂದು ಸಂಬಂಧ. ಸತ್ತವರಿಗೂ ಇದ್ದವರಿಗೂ, ನೆಲಕ್ಕೂ ಕುಲಕ್ಕೂ, ಹಕ್ಕಿಗೂ ಹೊಣೆಗೂ ನಡುವೆ ಅದು ನಿಂತಿರುತ್ತದೆ.

ಮನೆಯ ಆಯುಧವೊಂದು ಇಳಿದುಬರುವಾಗ ನಿಜವಾಗಿ ಇಳಿದುಬರುವುದು ಏನು? ಕಬ್ಬಿಣವೇ, ಅದನ್ನು ಹಿಡಿಯುವ ಹಕ್ಕೇ, ಅಥವಾ ಅದನ್ನು ಕುರಿತ ಮಾತೇ? ಕರ್ನಾಟಕದ ಸಂದರ್ಭದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲು 1857ರ ನಿಶ್ಶಸ್ತ್ರೀಕರಣ ಕಾಯಿದೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆ ಒಂದು ಕಾಯಿದೆ ಹಲಗಲಿಯಲ್ಲಿ ಒಂದು ಪರಂಪರೆಯನ್ನು ಕಡಿದುಹಾಕಿತು. ಕೊಡಗಿನಲ್ಲಿ ಅದೇ ಕಾಯಿದೆಯಿಂದ ದೊರೆತ ವಿನಾಯಿತಿ ಇನ್ನೊಂದು ಪರಂಪರೆಯನ್ನು ಉಳಿಸಿತು. ಇವೆರಡರ ನಡುವೆ ಮಸ್ಕಿ, ಸಿಂಧನೂರು, ಲಿಂಗಸುಗೂರುಗಳನ್ನೊಳಗೊಂಡ ರಾಯಚೂರು ದೋಆಬಿನ ಸೀಮೆಯಲ್ಲಿ ಆಯುಧವು ಮೂರನೆಯ ದಾರಿಯೊಂದನ್ನು ಕಂಡುಕೊಂಡಿತು. ಈ ಮೂರೂ ನೆಲೆಗಳನ್ನು ಒಟ್ಟಿಗಿಟ್ಟು ನೋಡಿದಾಗ ಮಾತ್ರ ಪರಂಪರಾಗತ ಆಯುಧದ ಸ್ವರೂಪ ಸ್ಪಷ್ಟವಾಗುತ್ತದೆ.

2

ಚರ್ಚೆಯನ್ನು ಮಸ್ಕಿಯ ನೆಲದಿಂದಲೇ ಆರಂಭಿಸುವುದು ಉಚಿತ. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಇಲ್ಲಿ ಅಶೋಕನ ಶಿಲಾಶಾಸನವನ್ನು ಪತ್ತೆಹಚ್ಚಿದ ಮೇಲೆ ಮಸ್ಕಿಯ ಹೆಸರು ಇತಿಹಾಸದ ಪುಟಗಳಲ್ಲಿ ನೆಲೆನಿಂತಿತು. ‘ದೇವಾನಾಂಪ್ರಿಯ’ ಎಂಬ ಬಿರುದಿನೊಂದಿಗೆ ‘ಅಶೋಕ’ ಎಂಬ ಹೆಸರನ್ನೂ ಹೇಳಿದ ಶಾಸನವೆಂಬುದು ಅದರ ಹೆಚ್ಚುಗಾರಿಕೆ. ಆದರೆ ಪ್ರಸ್ತುತ ವಿಷಯಕ್ಕೆ ಹೆಚ್ಚು ಹತ್ತಿರವಾದುದು ಮಸ್ಕಿಯ ಇನ್ನೊಂದು ಶೋಧ. 1954ರಲ್ಲಿ ಬಿ.ಕೆ. ಥಾಪರ್ ಅವರ ನೇತೃತ್ವದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನಡೆಸಿದ ಉತ್ಖನನದಲ್ಲಿ ತಾಮ್ರಶಿಲಾಯುಗದ ಮೇಲಿನ ಹಂತವಾಗಿ ಬೃಹತ್ ಶಿಲಾ ಸಂಸ್ಕೃತಿಯ ನೆಲೆ ಕಾಣಿಸಿಕೊಂಡಿತು. ಸತ್ತವನ ಜೊತೆಗೆ ಮಡಕೆಗಳನ್ನೂ ಕಬ್ಬಿಣದ ಆಯುಧೋಪಕರಣಗಳನ್ನೂ ಇಟ್ಟು ಹೂಳುವುದು ಈ ಸಂಸ್ಕೃತಿಯ ಸಾಮಾನ್ಯ ಲಕ್ಷಣ.

ಈ ಪದ್ಧತಿಯಲ್ಲಿ ಅಡಗಿರುವ ನಂಬಿಕೆಯನ್ನು ಗಮನಿಸಬೇಕು. ಗೋರಿಯೊಳಗೆ ಇಟ್ಟ ಆಯುಧ ಮಗನಿಗೆ ಸೇರುವುದಿಲ್ಲ. ಅದು ಹಿಡಿದವನದೇ ಆಗಿ ಅವನೊಂದಿಗೇ ಹೊರಟುಹೋಗುತ್ತದೆ. ಹೀಗೆ ನೋಡಿದರೆ ‘ಅಜ್ಜನ ಕತ್ತಿ’ ಎಂಬ ಕಲ್ಪನೆ ಹುಟ್ಟಬೇಕಾದರೆ ಆಯುಧ ಮೊದಲು ಗೋರಿಯಿಂದ ಹೊರಗೆ ಉಳಿಯಬೇಕು. ನಂತರದ ಕಾಲದ ವೀರಗಲ್ಲುಗಳಲ್ಲಿ ಈ ಬದಲಾವಣೆ ಎದ್ದುಕಾಣುತ್ತದೆ. ವೀರನ ಕೈಯ ಕತ್ತಿ, ಗುರಾಣಿ, ಬಿಲ್ಲುಗಳು ಅಲ್ಲಿ ಕಲ್ಲಿನ ಮೇಲೆ ಮೂಡುತ್ತವೆ. ಸತ್ತವನಿಗೆ ಆಯುಧದ ರೂಪ ಸಲ್ಲುತ್ತದೆ. ಆಯುಧ ಮಾತ್ರ ಬದುಕಿರುವವರಿಗೆ ಬಿಡುಗಡೆಯಾಗುತ್ತದೆ. ವೀರಗಲ್ಲುಗಳ ಅಧ್ಯಯನ ನಮ್ಮಲ್ಲಿ ಸಾಕಷ್ಟು ಬೆಳೆದಿದೆ. ಆದರೆ ವೀರಗಲ್ಲನ್ನು ಸಾವಿನ ಸ್ಮಾರಕವೆಂದು ಓದಿದಷ್ಟು ಉತ್ತರಾಧಿಕಾರದ ದಾಖಲೆಯೆಂದು ಓದಿದ್ದು ಕಡಿಮೆ.

ಇಲ್ಲಿ ಅಶೋಕನ ಮಾತೂ ನೆನಪಾಗಬೇಕು. ಮಸ್ಕಿಯ ಶಾಸನದಲ್ಲಿ ಅಲ್ಲದಿದ್ದರೂ ತನ್ನ 13ನೆಯ ಶಿಲಾಶಾಸನದಲ್ಲಿ ಅವನು ಕಳಿಂಗ ಯುದ್ಧದ ಪಶ್ಚಾತ್ತಾಪವನ್ನು ಹೇಳಿ, ತನ್ನ ಮಕ್ಕಳು ಮರಿಮಕ್ಕಳು ಆಯುಧದಿಂದ ಹೊಸ ದೇಶಗಳನ್ನು ಗೆಲ್ಲುವ ಯೋಚನೆ ಮಾಡಬಾರದೆಂದು ಬಯಸುತ್ತಾನೆ. ಅರಸನೊಬ್ಬ ಆಯುಧದ ಬದಲು ಆಯುಧತ್ಯಾಗವನ್ನೇ ಮನೆತನಕ್ಕೆ ಬಿಟ್ಟುಹೋಗಲು ಮಾಡಿದ ಪ್ರಯತ್ನವಿದು. ಮುಂದಿನ ಚರಿತ್ರೆ ಆ ಆಸೆಯನ್ನು ಕೇಳಿಸಿಕೊಳ್ಳಲಿಲ್ಲ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ಫಲವತ್ತಾದ ನೆಲ ಶತಮಾನಗಳ ಕಾಲ ರಣರಂಗವಾಯಿತು. ರಾಜೇಂದ್ರ ಚೋಳನು ಚಾಲುಕ್ಯ ಜಯಸಿಂಹನನ್ನು ಎದುರಿಸಿದ ಮುಸಂಗಿಯನ್ನು ಅನೇಕ ಇತಿಹಾಸಕಾರರು ಮಸ್ಕಿಯೆಂದೇ ಗುರುತಿಸಿದ್ದಾರೆ. 1520ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್‌ಶಾಹನಿಗೂ ನಡೆದ ಕಾಳಗ ರಾಯಚೂರು ಕೋಟೆಗಾಗಿಯೇ ನಡೆದುದು. ಇಂಥ ನೆಲದಲ್ಲಿ ಬೇಸಾಯಗಾರನ ಮನೆಯಲ್ಲೂ ಕತ್ತಿ, ಭರ್ಚಿಗಳಿರುವುದು ಸಹಜ. ಸುರಪುರ, ಗುರುಗುಂಟಾಗಳಂಥ ಬೇಡ ನಾಯಕರ ಸಂಸ್ಥಾನಗಳು ಬೆಳೆದದ್ದೂ ಆಯುಧ ಹಿಡಿದು ಸೇವೆ ಸಲ್ಲಿಸುವ ಮನೆತನಗಳ ಬಲದಿಂದಲೇ.

3

ಈ ವ್ಯವಸ್ಥೆಯ ಮೇಲೆ ಬಿದ್ದ ದೊಡ್ಡ ಪೆಟ್ಟು 1857ರ ನಿಶ್ಶಸ್ತ್ರೀಕರಣ ಕಾಯಿದೆ. ಉತ್ತರ ಭಾರತದಲ್ಲಿ ಸಿಪಾಯಿಗಳ ದಂಗೆ ಹಬ್ಬಿದಾಗ, ಜನರ ಬಳಿಯಿರುವ ಆಯುಧಗಳನ್ನು ದಾಖಲಿಸಿ, ಅನುಮತಿಯಿಲ್ಲದವನ್ನು ವಶಪಡಿಸಿಕೊಳ್ಳಲು ಕಂಪನಿ ಸರಕಾರ ಮುಂದಾಯಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಇದಕ್ಕೆ ಒಪ್ಪಲಿಲ್ಲ. 1857ರ ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ಮುತ್ತಿಗೆ ಹಾಕಿ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರ್ ತಿಂಗಳಲ್ಲಿ ಮುಧೋಳ ಮತ್ತು ಹಲಗಲಿಗಳಲ್ಲಿ ಗಲ್ಲಿಗೇರಿಸಲಾಯಿತು.

ಈ ಘಟನೆಯನ್ನು ಕುರಿತ ಲಾವಣಿಯನ್ನು ಜೆ.ಎಫ್. ಫ್ಲೀಟ್ ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದನು. ಅಂದಿನಿಂದ ಇಂದಿನವರೆಗೆ ಈ ಲಾವಣಿ ಪಠ್ಯಪುಸ್ತಕಗಳಲ್ಲೂ ವಿಮರ್ಶೆಯಲ್ಲೂ ಸ್ವಾತಂತ್ರ್ಯ ಹೋರಾಟದ ಪೂರ್ವರಂಗವೆಂದೇ ಓದಿಸಿಕೊಂಡಿದೆ. ಈ ಓದು ತಪ್ಪಲ್ಲ, ಆದರೆ ಅಪೂರ್ಣ. ಕಂಪನಿಯ ಆಳ್ವಿಕೆ ಬೇಡವೆಂದು ಹಲಗಲಿಯವರು ಎದ್ದರೆಂದು ಲಾವಣಿ ಹೇಳುವುದಿಲ್ಲ. ಹತಾರ ಕೊಡಲಾರೆವೆಂದು ಎದ್ದರೆಂದು ಹೇಳುತ್ತದೆ. ವಿಲಾಯತಿಯಿಂದ ಬಂದ ಹುಕುಮು ಅವರಿಗೆ ದೇಶದ ಪ್ರಶ್ನೆಯಾಗಿ ತೋರುವುದಕ್ಕೆ ಮೊದಲು ಮನೆಯ ಪ್ರಶ್ನೆಯಾಗಿ ತೋರುತ್ತದೆ. ಕೊಟ್ಟರೆ ಜೀವ ಹೋದಂತೆಯೇ ಎಂಬ ನಿಲುವು ಅಲ್ಲಿ ಹೊಮ್ಮುವುದು ಈ ನೆಲೆಯಿಂದ. ಆಯುಧದ ಅಂದಚೆಂದಗಳನ್ನು ವರ್ಣಿಸಲು ಲಾವಣಿಕಾರ ಹೆಚ್ಚು ತೊಡಗುವುದಿಲ್ಲ. ಅದು ಯಾರ ಕೈಯಲ್ಲಿ ಇರತಕ್ಕದ್ದು ಎಂಬುದೇ ಅವನ ಮುಖ್ಯ ಕಾಳಜಿ. ಮನೆತನದ ಹಕ್ಕು ಎಂಬ ಮಾತು ನೇರವಾಗಿ ಬಾರದಿದ್ದರೂ, ಆಯುಧಸೇವೆಯೇ ಕಸುಬಾಗಿದ್ದ ಸಮುದಾಯವೊಂದಕ್ಕೆ ಆಯುಧ ಕೊಡುವುದೆಂದರೆ ಹಿರಿಯರಿಂದ ಬಂದ ಬದುಕಿನ ದಾರಿಯನ್ನೇ ಒಪ್ಪಿಸುವುದೆಂದು ಅರ್ಥವಾಗುತ್ತದೆ.

ಲಾವಣಿಯ ಕೊನೆಯ ಭಾಗದಲ್ಲಿ ಬರುವ ಲೂಟಿಯ ವಿವರ ಇಲ್ಲಿ ವಿಶೇಷವಾದ ಗಮನಕ್ಕೆ ಅರ್ಹವಾಗಿದೆ. ಊರು ಹಾಳಾದಾಗ ಹೋದ ವಸ್ತುಗಳನ್ನು ಲಾವಣಿಕಾರ ಒಂದೊಂದಾಗಿ ಎಣಿಸುತ್ತಾನೆ. ಕೊಡಲಿ, ಕುಡುಗೋಲು, ನೇಗಿಲಿಗೆ ಸೇರಿದ ಕಬ್ಬಿಣ, ಅಡುಗೆಯ ಉಪ್ಪು ಎಣ್ಣೆ, ಅರಿಸಿನ ಜೀರಿಗೆ, ಪಾತ್ರೆ ಪಡಗ, ಕೊನೆಗೆ ಬೀಸುವ ಕಲ್ಲನ್ನೂ ಅವನು ಬಿಡುವುದಿಲ್ಲ. ವಿಮರ್ಶಕರು ಸಾಮಾನ್ಯವಾಗಿ ಈ ಪಟ್ಟಿಯನ್ನು ಕರುಣ ರಸದ ಪೋಷಣೆಯೆಂದು ಪರಿಗಣಿಸಿ ಮುಂದೆ ಹೋಗುತ್ತಾರೆ. ಆದರೆ ಇದು ಲಾವಣಿಯ ಅಲಂಕಾರವಲ್ಲ, ಅದರ ವಾದ. ಸರಕಾರ ಕೇಳಿದ್ದು ಹತಾರ. ಕೊನೆಗೆ ಒಯ್ದದ್ದು ಕುಡುಗೋಲು, ಬೀಸುವ ಕಲ್ಲು. ಆಯುಧ ಯಾವುದು, ಉಪಕರಣ ಯಾವುದು ಎಂದು ಕಾಯಿದೆ ಎಳೆದ ಗೆರೆ ಊರೊಳಗೆ ಬಂದಾಗ ಅಳಿಸಿಹೋಗುತ್ತದೆ. ಜನಪದರ ತಿಳಿವಳಿಕೆಯಲ್ಲಿ ಆ ಗೆರೆ ಮೊದಲಿನಿಂದಲೂ ಇರಲೇ ಇಲ್ಲ. ಕತ್ತಿಯನ್ನು ಹದಮಾಡಿದ ಕುಲುಮೆಯಲ್ಲಿಯೇ ಕುಡುಗೋಲೂ ಹದವಾಗುತ್ತದೆ; ಎರಡನ್ನೂ ಬಡಿದವನು ಒಬ್ಬನೇ ಕಮ್ಮಾರ. ಮಹಾನವಮಿಯ ದಿನ ಎರಡಕ್ಕೂ ಒಂದೇ ಪೂಜೆ ಸಲ್ಲುತ್ತದೆ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕಾಗಿದೆ. ಈ ಲಾವಣಿಯನ್ನು ಉಳಿಸಿಕೊಟ್ಟ ಫ್ಲೀಟ್ ಮುಂಬಯಿ ಆಡಳಿತದ ಅಧಿಕಾರಿ. ಆಯುಧಗಳನ್ನು ಸಂಗ್ರಹಿಸಿದ ಆಳ್ವಿಕೆಯೇ ಕೆಲವು ದಶಕಗಳ ನಂತರ ಆ ಆಯುಧಗಳ ಹಾಡನ್ನೂ ಸಂಗ್ರಹಿಸಿತು. ಮೊದಲನೆಯ ಸಂಗ್ರಹ ಬಲಾತ್ಕಾರದ್ದು, ಎರಡನೆಯದು ವಿದ್ವತ್ತಿನದು. ಇವೆರಡನ್ನೂ ಸಮವೆನ್ನುವುದು ಅನ್ಯಾಯ; ಫ್ಲೀಟ್ ಇಲ್ಲದಿದ್ದರೆ ಕನ್ನಡಕ್ಕೆ ಆದ ನಷ್ಟ ದೊಡ್ಡದು. ಆದರೂ ಆಯುಧ ಕಸಿದ ಮೇಲೆಯೇ ಹಾಡು ‘ಜಾನಪದ’ವಾಯಿತೆಂಬ ಸತ್ಯವನ್ನು ಜಾನಪದ ವಿದ್ವಾಂಸರು ಮರೆಯಬಾರದು.

4

ಇದೇ ಕಾಯಿದೆ ಕೊಡಗಿನಲ್ಲಿ ಪಡೆದ ರೂಪ ಬೇರೆ. 1834ರಲ್ಲಿ ಕೊಡಗು ಕಂಪನಿಯ ಆಳ್ವಿಕೆಗೆ ಸೇರಿತು. 1837ರ ಬಂಡಾಯದಲ್ಲಿಯೂ 1857ರಲ್ಲಿಯೂ ಕೊಡವರ ಮುಖಂಡರು ತೋರಿದ ನಿಷ್ಠೆಯನ್ನು ಆಳ್ವಿಕೆ ಮೆಚ್ಚಿಕೊಂಡಿತ್ತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣ ಕಾಯಿದೆಯಿಂದ ಹೊರಗಿಟ್ಟು ಆದೇಶ ಹೊರಡಿಸಿದನು. ಸ್ವತಂತ್ರ ಭಾರತದಲ್ಲಿ 1959ರ ಆಯುಧ ಕಾಯಿದೆ ಬಂದ ಮೇಲೂ ಕೊಡವರಿಗೆ ಹಾಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಈ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ತಳ್ಳಿಹಾಕಿ ಕರ್ನಾಟಕ ಹೈಕೋರ್ಟ್ 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು.

ಕಾನೂನು ತಡೆಯದೆ ಬಿಟ್ಟ ಕಾರಣ ಕೊಡಗಿನಲ್ಲಿ ಮನೆತನದ ಆಯುಧ ಇಂದಿಗೂ ಆಚರಣೆಯ ಭಾಗವಾಗಿ ಜೀವಂತವಾಗಿದೆ. ಬೆನ್ನಿನ ತೋಡಂಗಿನಲ್ಲಿ ಸಿಕ್ಕಿಸುವ ಅಗಲವಾದ ಒಡಿಕತ್ತಿ, ಸೊಂಟದ ಮುಂದೆ ಸಿಕ್ಕಿಸುವ ಪೀಚೆಕತ್ತಿ ಮತ್ತು ತೋಕು ಎಂದು ಕರೆಯುವ ಬಂದೂಕು ಇವು ಒಕ್ಕದ ಬದುಕಿನ ಎಲ್ಲ ಘಟ್ಟಗಳಲ್ಲೂ ಕಾಣಿಸಿಕೊಳ್ಳುತ್ತವೆ. ಗಂಡು ಮಗು ಹುಟ್ಟಿದಾಗ ಹರಳು ಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲುಬಾಣವನ್ನು ಅದರ ಕೈಗೆ ಮುಟ್ಟಿಸುವುದು, ಬಂದೂಕು ಹಾರಿಸುವುದು ಹಳೆಯ ಸಂಪ್ರದಾಯ. ಮದುವೆಯಲ್ಲಿ ಬಾಳೆಯ ಕಂಬಗಳನ್ನು ಕತ್ತಿಯಿಂದ ಕಡಿಯುವ ವಿಧಿಯಿದೆ. ಸಾವಿನ ಸುದ್ದಿಯನ್ನು ಊರಿಗೆ ತಿಳಿಸುವುದೂ ಬಂದೂಕಿನ ಸದ್ದೇ. ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಐನ್‌ಮನೆಯಲ್ಲಿ ಆಯುಧಗಳನ್ನು ತೊಳೆದು ಒರೆಸಿ, ತೋಕ್ ಪೂ ಎಂಬ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಗದ್ದೆಯ ನಾಟಿ ಮುಗಿದು ನೇಗಿಲು ವಿಶ್ರಾಂತಿಗೆ ಹೋಗುವ ಹೊತ್ತಿಗೆ ಆಯುಧ ಹೊರಗೆ ಬರುತ್ತದೆ. ನೇಗಿಲು ಮತ್ತು ಆಯುಧ ಒಂದೇ ಕೈಯ ಎರಡು ಕಾಲಗಳೆಂಬ ತಿಳಿವಳಿಕೆ ಇಲ್ಲಿಯೂ ಇದೆ.

ಆದರೆ ಈ ಆಚರಣೆಯ ತಿರುಳು ಪೂಜೆಯಲ್ಲಿ ಇಲ್ಲ, ಆಯುಧವನ್ನು ಕೈಗೆ ಕೊಡುವಾಗ ಆಡುವ ಮಾತಿನಲ್ಲಿದೆ. ಮೃಗವನ್ನು ವೃಥಾ ಕೆಣಕಬಾರದು, ಶತ್ರು ಎದುರಾದರೆ ಬೆನ್ನು ತೋರಬಾರದು, ನಂಬಿದವರ ಕೈಬಿಡಬಾರದು ಎಂಬ ಅರ್ಥದ ಹಿತವಚನದೊಂದಿಗೆ ಆಯುಧ ಹಿರಿಯರಿಂದ ಕಿರಿಯರಿಗೆ ದಾಟುತ್ತದೆ. ಹೊಣೆಯ ಮಾತಿಲ್ಲದೆ ಅದು ಕೈ ಬದಲಾಯಿಸುವುದಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ಕೊಡವರ ಹಾಡು, ಹಬ್ಬ, ಕಟ್ಟುಪಾಡುಗಳನ್ನು ಒಟ್ಟಿಗೆ ಕಟ್ಟಿಕೊಟ್ಟ ಗ್ರಂಥ. ಹಾಡನ್ನು ವಿಧಿಯಿಂದ ಬೇರ್ಪಡಿಸದೆ ದಾಖಲಿಸಿದ್ದು ಆ ಸಂಗ್ರಹದ ದೊಡ್ಡ ಗುಣ. 1952ರಲ್ಲಿ ಕೊಡವರನ್ನು ಕುರಿತು ಎಂ.ಎನ್. ಶ್ರೀನಿವಾಸ್ ಬರೆದ ಗ್ರಂಥವೂ ಒಕ್ಕವನ್ನು ವಿಧಿಗಳ ಮೂಲಕವೇ ಅರ್ಥಮಾಡಿಕೊಳ್ಳುತ್ತದೆ. ಸತ್ತ ಹಿರಿಯರು, ಇರುವ ಸದಸ್ಯರು, ಮುಂದೆ ಹುಟ್ಟುವವರು ಎಲ್ಲರೂ ಒಂದೇ ಒಕ್ಕಕ್ಕೆ ಸೇರಿದವರಾದ್ದರಿಂದ ಒಕ್ಕದ ಆಯುಧಕ್ಕೆ ಒಬ್ಬನೇ ಒಡೆಯನೆಂಬುದಿಲ್ಲ. ಹಿಡಿದವನು ಅದರ ಪಾಲಕ ಮಾತ್ರ.

ಹೀಗೆಂದ ಮಾತ್ರಕ್ಕೆ ಕೊಡಗಿನ ಪರಂಪರೆಯನ್ನು ಪ್ರಶ್ನೆಗೆ ಹೊರತಾಗಿಡುವುದು ಸರಿಯಲ್ಲ. ಹಲಗಲಿಯ ಬೇಡನೂ ಕೊಡಗಿನ ಕೊಡವನೂ ಆಯುಧವನ್ನು ಕುಲದ ಉಸಿರೆಂದೇ ತಿಳಿದವರು. ಒಬ್ಬನಿಗೆ ಗಲ್ಲು, ಇನ್ನೊಬ್ಬನಿಗೆ ವಿನಾಯಿತಿ ದೊರೆತದ್ದು ಅವರ ಶೌರ್ಯದಲ್ಲಿದ್ದ ವ್ಯತ್ಯಾಸದಿಂದಲ್ಲ, ಆಳ್ವಿಕೆಗೆ ಅವರೊಂದಿಗಿದ್ದ ಸಂಬಂಧದಿಂದ. ಪರಂಪರೆ ತಾನಾಗಿ ಉಳಿಯುತ್ತದೆ ಅಥವಾ ತಾನಾಗಿ ಅಳಿಯುತ್ತದೆ ಎಂಬ ನಂಬಿಕೆಯನ್ನು ಈ ಎರಡು ಉದಾಹರಣೆಗಳು ಸುಳ್ಳಾಗಿಸುತ್ತವೆ. ಉಳಿದ ಪರಂಪರೆಯನ್ನು ಹೊಗಳುವ ವಿಮರ್ಶೆ ಅದನ್ನು ಉಳಿಯಗೊಟ್ಟ ಅಧಿಕಾರದ ಹೆಸರನ್ನೂ ಹೇಳಬೇಕು.

5

ರಾಯಚೂರು ದೋಆಬಿನ ಕಥೆ ಇವೆರಡಕ್ಕಿಂತ ಭಿನ್ನವಾದುದು. 1853ರ ಒಪ್ಪಂದದಂತೆ ನಿಜಾಮನು ಈ ಪ್ರದೇಶವನ್ನು ಕಂಪನಿಯ ಆಡಳಿತಕ್ಕೆ ಒಪ್ಪಿಸಿದ್ದನು. 1860ರಲ್ಲಿ ಅದು ಮತ್ತೆ ಹೈದರಾಬಾದಿಗೆ ಸೇರಿತು. ಆದ್ದರಿಂದ 1857-58ರ ನಿರ್ಣಾಯಕ ದಿನಗಳಲ್ಲಿ ಮಸ್ಕಿಯ ಸೀಮೆ ಕಂಪನಿಯ ಕೈಯಲ್ಲಿಯೇ ಇತ್ತು. ಲಿಂಗಸುಗೂರು ಅಂದು ಸೈನ್ಯದ ದಂಡು ಬೀಡುಬಿಟ್ಟ ಊರು. 1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಮೇಲೆ ನಡೆದ ದಾಳಿಗೆ ಕ್ಯಾಪ್ಟನ್ ವಿಂಡ್‌ಹ್ಯಾಮ್‌ನ ಪಡೆ ಹೊರಟದ್ದು ಇಲ್ಲಿಂದಲೇ. ಸಂಸ್ಥಾನ ಅಳಿಯಿತು. ಅರಮನೆ ಅಳಿದ ಮೇಲೆ ಅದರ ಸೇವೆಗೆಂದು ಆಯುಧ ಹಿಡಿದ ಮನೆತನಗಳಿಗೆ ಆ ಆಯುಧಗಳನ್ನು ಬಳಸುವ ಸಂದರ್ಭವೇ ಇಲ್ಲವಾಯಿತು.

ಯುದ್ಧದ ಸಂದರ್ಭವನ್ನು ಕಳೆದುಕೊಂಡ ಆಯುಧ ಇಲ್ಲಿ ಮೂರು ಕಡೆ ನೆಲೆ ಕಂಡುಕೊಂಡಿದೆ. ಮೊದಲನೆಯದು ದೇವರ ಜಗಲಿ. ಮಹಾನವಮಿಯ ಖಂಡೇ ಪೂಜೆಯಲ್ಲಿ ಹಿರಿಯರ ಕಾಲದ ಕತ್ತಿಯಿದ್ದರೆ ಕತ್ತಿ, ಇಲ್ಲದಿದ್ದರೆ ಕುಡುಗೋಲು, ಕುರ್ಪಿ, ಕೂರಿಗೆಯ ತಾಳುಗಳು ವಿಭೂತಿ ಕುಂಕುಮ ಪಡೆಯುತ್ತವೆ. ಕತ್ತಿ ಇಲ್ಲವಾದ ಮನೆಯಲ್ಲಿ ಪೂಜೆ ನಿಲ್ಲುವುದಿಲ್ಲ. ಆ ಜಾಗಕ್ಕೆ ಬೇಸಾಯದ ಕಬ್ಬಿಣ ಬಂದು ಕೂರುತ್ತದೆ. ಹಲಗಲಿಯ ಲಾವಣಿಕಾರ ಲೂಟಿಯ ಪಟ್ಟಿಯಲ್ಲಿ ಹೇಳಿದ ಸತ್ಯವನ್ನೇ ಈ ಆಚರಣೆ ವರ್ಷಕ್ಕೊಮ್ಮೆ ಮತ್ತೆ ಹೇಳುತ್ತದೆ.

ಎರಡನೆಯದು ಪುರವಂತರ ಕುಣಿತ. ವೀರಭದ್ರನನ್ನು ಮನೆದೇವರಾಗಿ ಉಳ್ಳ ಕುಟುಂಬಗಳಲ್ಲಿ ಮದುವೆಯಂಥ ಮಂಗಳಕಾರ್ಯದ ಸಂದರ್ಭದಲ್ಲಿ ಗುಗ್ಗಳ ಹೊರಡಿಸುವ ಪದ್ಧತಿ ಈ ಭಾಗದಲ್ಲಿ ವ್ಯಾಪಕವಾಗಿದೆ. ಕೈಯಲ್ಲಿ ಕತ್ತಿ ಹಿಡಿದ ಪುರವಂತರು ದಕ್ಷಯಜ್ಞದ ಕಥೆಯನ್ನು ಆವೇಶದಿಂದ ನುಡಿಯುತ್ತಾರೆ. ವೀರಭದ್ರ ಸಂಪ್ರದಾಯದ ಈ ನುಡಿಗೆ ಒಡಪು ಎಂಬ ಹೆಸರಿರುವಂತೆಯೇ ‘ಖಡ್ಗ’ ಎಂಬ ಹೆಸರೂ ಇದೆ. ನುಡಿಯುವುದನ್ನು ‘ಖಡ್ಗ ಹೇಳುವುದು’ ಎನ್ನುತ್ತಾರೆ. ಆಯುಧದ ಹೆಸರು ಮಾತಿನ ಪ್ರಕಾರವೊಂದಕ್ಕೆ ಹೆಸರಾದ ಈ ಸಂಗತಿ ಅತ್ಯಂತ ಮಹತ್ವದ್ದು. ಕತ್ತಿಯನ್ನು ಬೀಸುವ ಬದಲು ಹೇಳಲಾಗುತ್ತದೆ. ತಂದೆ ಮಗನಿಗೆ ದಾಟಿಸುವುದು ಹಿಡಿಕೆಯನ್ನಷ್ಟೇ ಅಲ್ಲ, ಉಸಿರು ಕಟ್ಟಿ ಒಂದೇ ಓಟದಲ್ಲಿ ಹೇಳಬೇಕಾದ ನುಡಿಯನ್ನು. ಅಷ್ಟೇ ಅಲ್ಲ, ಈ ಆಚರಣೆಯಲ್ಲಿ ಶಸ್ತ್ರದ ಮೊನೆ ಪರರ ಕಡೆಗೆ ತಿರುಗುವುದಿಲ್ಲ. ಶಸ್ತ್ರ ಹಾಕಿಸಿಕೊಳ್ಳುವ ಹರಕೆಯಲ್ಲಿ ಅದು ಭಕ್ತನ ಕೆನ್ನೆ ನಾಲಗೆಗಳನ್ನೇ ಹಾದುಹೋಗುತ್ತದೆ. ಇತರರನ್ನು ನೋಯಿಸಲು ಹುಟ್ಟಿದ ವಸ್ತು ಇಲ್ಲಿ ತನ್ನನ್ನೇ ಒಡ್ಡಿಕೊಳ್ಳುವ ಸಾಧನವಾಗಿದೆ.

ಮೂರನೆಯದು ಮೊಹರಮ್ಮಿನ ಅಲಾವಿಯ ಬಯಲು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಮ್ ಹಿಂದೂ ಮುಸ್ಲಿಮರು ಕೂಡಿ ನಡೆಸುವ ಹಬ್ಬವಾಗಿ ನಾಡಿನಾದ್ಯಂತ ಹೆಸರಾಗಿದೆ. ಕರ್ಬಲಾದ ರಣರಂಗದ ನೆನಪನ್ನು ಹೊತ್ತ ಅಲಂ, ಪಂಜಾಗಳು ಯುದ್ಧಧ್ವಜದಿಂದ ಹುಟ್ಟಿ ದೇವರ ಸ್ಥಾನಕ್ಕೆ ಏರಿದವು. ಅವುಗಳನ್ನು ಹೊರುವ ಹಕ್ಕು, ಸೇವೆ ಸಲ್ಲಿಸುವ ಹೊಣೆಗಳು ಮನೆತನಗಳಲ್ಲಿ ಇಳಿದುಬರುತ್ತವೆ. ರಿವಾಯತ ಪದಗಳಲ್ಲಿ ಆ ಕಾಳಗ ಕನ್ನಡದ ಹಾಡಾಗುತ್ತದೆ. ಇಲ್ಲಿ ಪರಂಪರೆಯಾಗಿ ಬರುವುದು ಗೆಲುವಿನ ಆಯುಧವಲ್ಲ, ಸೋತು ಸತ್ತವರ ಆಯುಧ. ಅದರ ಮುಂದೆ ಎಲ್ಲ ಜಾತಿಯವರೂ ಹೆಜ್ಜೆ ಹಾಕುತ್ತಾರೆ. ಒಂದು ಕುಲದ ಹೆಮ್ಮೆಯಾಗಿದ್ದ ಆಯುಧ ಊರಿನ ದುಃಖವಾಗಿ ಹಂಚಿಹೋಗುವ ಈ ಬಗೆಯನ್ನು ಕೊಡಗಿನಲ್ಲಿಯೂ ಹಲಗಲಿಯಲ್ಲಿಯೂ ಕಾಣಲಾಗದು.

6

ಮೇಲಿನ ಮೂರು ನೆಲೆಗಳಿಂದ ಒಂದು ತೀರ್ಮಾನಕ್ಕೆ ಬರಬಹುದು. ಮನೆತನದ ಆಯುಧವನ್ನು ಮನೆತನದ್ದಾಗಿಸುವುದು ಲೋಹವಲ್ಲ, ಅದರೊಂದಿಗೆ ದಾಟುವ ಮಾತು. ಕೊಡಗಿನಲ್ಲಿ ಲೋಹವೂ ಮಾತೂ ಉಳಿದವು. ಹಲಗಲಿಯಲ್ಲಿ ಲೋಹ ಹೋಗಿ ಮಾತು ಲಾವಣಿಯಾಯಿತು. ದೋಆಬಿನಲ್ಲಿ ಮಾತೇ ಖಡ್ಗವೆಂಬ ಹೆಸರು ಪಡೆಯಿತು. ಮಾತು ಹೋಗಿ ಲೋಹ ಮಾತ್ರ ಉಳಿದರೆ ಅದು ಪರಂಪರೆಯಲ್ಲ, ಹಳೆಯ ಸಾಮಾನು.

ಈ ದೃಷ್ಟಿಯಿಂದ ನೋಡಿದಾಗ ಇಂದಿನ ಕಾನೂನಿನ ಭಾಷೆ ಕುತೂಹಲಕರವಾಗಿದೆ. 1959ರ ಆಯುಧ ಕಾಯಿದೆಯ 45ನೆಯ ಕಲಮು ಬಳಕೆ ತಪ್ಪಿದ ಮಾದರಿಯ, ಪ್ರಾಚೀನ ಮೌಲ್ಯವುಳ್ಳ, ದುರಸ್ತಿ ಮಾಡಿದರೂ ಬಂದೂಕಿನಂತೆ ಬಳಸಲಾಗದ ಆಯುಧಗಳಿಗೆ ಕಾಯಿದೆಯಿಂದ ಬಿಡುಗಡೆ ನೀಡುತ್ತದೆ. ಅಂದರೆ ಹಳೆಯ ಆಯುಧ ಸತ್ತಿದ್ದರೆ ಕಾನೂನಿಗೆ ಆಕ್ಷೇಪವಿಲ್ಲ. ಜನಪದರ ನೋಟ ಇದಕ್ಕೆ ವಿರುದ್ಧವಾದುದು. ವರ್ಷಕ್ಕೊಮ್ಮೆ ತೊಳೆದು ಪೂಜಿಸುವುದು ಅದು ಸತ್ತಿಲ್ಲವೆಂದು ಸಾರುವುದಕ್ಕಾಗಿಯೇ. 2016ರ ಆಯುಧ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಳ್ಳ ಹರಿತ ಆಯುಧಗಳನ್ನು ಒಂದು ವರ್ಗವಾಗಿ ಹೆಸರಿಸಿ, ಗೃಹಕೃತ್ಯ, ಕೃಷಿ ಮೊದಲಾದ ಉದ್ದೇಶದವುಗಳನ್ನು ಅದರಿಂದ ಹೊರಗಿಡುತ್ತವೆ. ಹಲಗಲಿಯ ಕುಡುಗೋಲಿಗೆ ಸಿಗದ ರಕ್ಷಣೆ ಇಂದಿನ ಕುಡುಗೋಲಿಗೆ ಸಿಕ್ಕಿದೆ. ಆದರೆ ಕತ್ತಿ ಕುಡುಗೋಲುಗಳ ನಡುವೆ ಕಾನೂನು ಎಳೆಯುವ ಗೆರೆ ಇನ್ನೂ ಹಾಗೆಯೇ ಇದೆ. ಕಾನೂನಿಗೆ ಆ ಗೆರೆ ಅಗತ್ಯವೇ ಹೌದು. ಸಂಶೋಧಕನು ಅದನ್ನೇ ತನ್ನ ವರ್ಗೀಕರಣವಾಗಿ ಒಪ್ಪಿಕೊಳ್ಳುವುದು ಮಾತ್ರ ತಪ್ಪು.

ವಸ್ತುಸಂಗ್ರಹಾಲಯಗಳ ಪಾತ್ರವನ್ನೂ ಇಲ್ಲಿ ಪರಿಶೀಲಿಸಬೇಕು. ಮನೆಯಿಂದ ಹೊರಟ ಆಯುಧವೊಂದು ಗಾಜಿನ ಪೆಟ್ಟಿಗೆ ಸೇರುವಾಗ ಅದರ ಕೆಳಗೆ ಬರೆಯುವುದು ಹೆಸರು, ಕಾಲ, ದೊರೆತ ಸ್ಥಳ. ಯಾರು ಯಾರಿಗೆ ಕೊಟ್ಟರು, ಕೊಡುವಾಗ ಏನು ಹೇಳಿದರು, ಯಾವ ದಿನ ಹೊರಗೆ ತೆಗೆಯುತ್ತಿದ್ದರು, ಯಾವ ದಿನ ಮುಟ್ಟುತ್ತಿರಲಿಲ್ಲ ಎಂಬ ವಿವರಗಳಿಗೆ ಅಲ್ಲಿ ಜಾಗವಿರುವುದು ವಿರಳ. ಹಾಗೆ ಸಂಗ್ರಹವಾದ ಆಯುಧ ಮಸ್ಕಿಯ ಗೋರಿಯ ಕಬ್ಬಿಣಕ್ಕಿಂತ ಬಡವಾದುದು. ಗೋರಿಯೊಳಗೆ ಅದು ಕನಿಷ್ಠ ತನ್ನ ಒಡೆಯನ ಪಕ್ಕದಲ್ಲಾದರೂ ಇತ್ತು.

ಪರಂಪರೆಯ ವಂಶಾವಳಿಯಲ್ಲಿ ಬಿಟ್ಟುಹೋದ ಹೆಸರುಗಳ ಪ್ರಶ್ನೆಯೂ ಉಳಿಯುತ್ತದೆ. ಆಯುಧದ ಕಥೆಯಲ್ಲಿ ಅಜ್ಜ, ಮುತ್ತಜ್ಜರ ಹೆಸರು ಬರುತ್ತವೆ. ಅದನ್ನು ಬಡಿದ ಕಮ್ಮಾರನ ಹೆಸರು ಬರುವುದಿಲ್ಲ. ಹರಳು ಕಡ್ಡಿಯ ಬಿಲ್ಲು ಗಂಡು ಮಗುವಿನ ಕೈಗೆ ಮಾತ್ರ ಸಲ್ಲುತ್ತದೆ. ವರ್ಷವಿಡೀ ಜಗಲಿಯನ್ನು ಸಾರಿಸಿ, ದೀಪ ಹಚ್ಚಿ, ಹಬ್ಬದ ಮುನ್ನಾದಿನ ಹುಣಿಸೆಹಣ್ಣು ಹಚ್ಚಿ ತುಕ್ಕು ತೆಗೆಯುವ ಹೆಣ್ಣುಮಗಳನ್ನು ಆ ಕಥೆ ನೆನೆಯುವುದಿಲ್ಲ. ಈ ಮನೆಯಲ್ಲಿ ಹುಟ್ಟಿದವಳು ಬೇರೆ ಮನೆಗೆ ಹೋಗುತ್ತಾಳೆ, ಬೇರೆ ಮನೆಯಲ್ಲಿ ಹುಟ್ಟಿದವಳು ಇಲ್ಲಿಯ ಆಯುಧವನ್ನು ಕಾಯುತ್ತಾಳೆ. ಆಯುಧ ಗಂಡಸರ ಸಾಲಿನಲ್ಲಿ ಇಳಿದುಬರುತ್ತದೆಯಾದರೂ ಉಳಿದುಬರುವುದು ಹೆಂಗಸರ ಕೈಯಲ್ಲಿ. ಕ್ಷೇತ್ರಕಾರ್ಯಕ್ಕೆ ಹೋದವರು ಮನೆಯ ಯಜಮಾನನನ್ನು ಮಾತ್ರ ಮಾತನಾಡಿಸಿ ಹಿಂದಿರುಗಿದರೆ ಅವರಿಗೆ ಸಿಗುವುದು ಶೌರ್ಯದ ಕಥೆ ಮಾತ್ರ. ಆಯುಧವನ್ನು ಎಲ್ಲಿ, ಯಾರಿಗೆ ಹೆದರಿ, ಯಾವ ಬಟ್ಟೆಯಲ್ಲಿ ಸುತ್ತಿಟ್ಟಿದ್ದರೆಂಬ ಕಥೆ ಅಡುಗೆಮನೆಯಲ್ಲಿದೆ.

ಆದ್ದರಿಂದ ಇನ್ನು ಮುಂದಿನ ದಾಖಲಾತಿ ಆಯುಧದಿಂದ ಆರಂಭವಾಗದೆ ಅದನ್ನು ದಾಟಿಸುವ ಸಂದರ್ಭದಿಂದ ಆರಂಭವಾಗಬೇಕು. ಪುರವಂತರ ಖಡ್ಗವನ್ನು ಅದರ ಗುಗ್ಗಳದೊಂದಿಗೆ, ಲಾವಣಿಯನ್ನು ಅದರ ಊರಿನೊಂದಿಗೆ, ಕೈಲ್‌ಪೊಳ್ದಿನ ಹಿತವಚನವನ್ನು ಅದನ್ನು ಹೇಳುವ ಹಿರಿಯರೊಂದಿಗೆ, ಕಮ್ಮಾರನ ಕುಲುಮೆಯನ್ನು ಅದರ ಬೆಂಕಿ ಆರುವ ಮೊದಲು ದಾಖಲಿಸುವುದು ತುರ್ತಿನ ಕೆಲಸ. ಟ್ರ್ಯಾಕ್ಟರಿಗೆ ಖಂಡೇ ಪೂಜೆ ಸಲ್ಲುವ ಈ ಕಾಲದಲ್ಲಿ ಆಚರಣೆ ಸಾಯುತ್ತಿದೆಯೆಂದು ಮರುಗಬೇಕಾಗಿಲ್ಲ. ಕತ್ತಿಯ ಜಾಗದಲ್ಲಿ ಕುಡುಗೋಲನ್ನು ಕೂರಿಸಿದ ಜನ ಕುಡುಗೋಲಿನ ಜಾಗದಲ್ಲಿ ಟ್ರ್ಯಾಕ್ಟರನ್ನು ನಿಲ್ಲಿಸಿದ್ದಾರೆ. ಚಿಂತಿಸಬೇಕಾದುದು ಕೈ ಬದಲಾಗುವ ಹೊತ್ತಿನ ಮಾತಿನ ಬಗ್ಗೆ. ಕೆಣಕಬೇಡ, ಕೈಬಿಡಬೇಡ ಎಂದು ಹೇಳಿ ಕೊಡುವವರು ಇರುವವರೆಗೆ ಮಾತ್ರ ಆಯುಧ ಮನೆತನದ್ದು. ಆ ಮಾತು ನಿಂತ ದಿನ ಅದನ್ನು ಯಾರೂ ಕಸಿಯಬೇಕಾಗಿಲ್ಲ. ಅದು ಮನೆಯೊಳಗಿದ್ದೂ ಕಳೆದುಹೋಗಿರುತ್ತದೆ.